ಯಾರ ಕೈಗೆ ಬಂತು

ಅಕ್ಕ ಲಕೋಟೆಯನ್ನು ಬೆರಳಿನಿಂದ ಹರಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಅವಳ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ, ಕರಿಬೇವಿನ ಕುಂಡದ ಪಕ್ಕದಲ್ಲಿ, ಒಂದು ಮುರಿದ ಹ್ಯಾಕ್ಸಾ ಬ್ಲೇಡು ಇರುತ್ತಿತ್ತು. ಗೇಣುದ್ದದ್ದು. ಹಲ್ಲು ಸವೆದು ನುಣ್ಣಗಾಗಿತ್ತು, ಹಿಡಿಯುವ ಕಡೆ ಕಪ್ಪು ಟೇಪು ಸುತ್ತಿತ್ತು. ಟಪಾಲು ಬಂದರೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಲಕೋಟೆಯ ನೆತ್ತಿಗೆ ಬ್ಲೇಡು ಇಟ್ಟು ಒಂದೇ ಎಳೆತಕ್ಕೆ ಸೀಳುತ್ತಿದ್ದಳು. ಕೂತು ಓದುತ್ತಿರಲಿಲ್ಲ. ನಿಂತೇ, ಸಾಲಿನ ಕೆಳಗೆ ತೋರುಬೆರಳು ಓಡಿಸುತ್ತ, ಕೊನೆಯ ಹಾಳೆಯ ಹಿಂಭಾಗದವರೆಗೂ ಓದುತ್ತಿದ್ದಳು. ಆಮೇಲೆ ಲಕೋಟೆಯ ಕೆಳಮೂಲೆಯಲ್ಲಿ ನೀಲಿ ಪೆನ್ನಿನಿಂದ ಎರಡು ಸಂಗತಿ ಬರೆಯುತ್ತಿದ್ದಳು: ಬಂದ ದಿನ, ಮತ್ತು ಯಾರ ಕೈಗೆ ಬಂತು. 'ನನ್ನ ಕೈಗೆ', 'ಡಬ್ಬಿಗೆ'. ಭಾವ ತೆಗೆದುಕೊಂಡಿದ್ದರೆ 'ಇವರ ಕೈಗೆ'. ಹಲ್ಲಿನ ಡಾಕ್ಟರ ಕಾಗದಕ್ಕೂ ಅದೇ ಮರ್ಯಾದೆ. ಯಾರ ಕೈಗೆ ಬಂದರೇನು, ಯಾರು ಕೇಳುತ್ತಾರೆ ಎಂದು ಒಂದು ಸಲ ರೇಗಿಸಿದೆ. "ಕೇಳೋ ದಿನ ಬರುತ್ತೆ ಕಣೋ. ಆವತ್ತು ಯಾರಿಗೂ ನೆನಪಿರಲ್ಲ" ಎಂದಳು.

ಅಕ್ಕ ಈ ಚಳಿಗಾಲದಲ್ಲಿ ಹೋದಳು. ಬೆಳಿಗ್ಗೆ ಕಾರಿನ ಮೇಲಿನ ಹಿಮ ಕೆರೆಯಲು ಹೊರಗೆ ಹೋದವಳು ಮೆಟ್ಟಿಲ ಮೇಲೆ ಕೂತಳಂತೆ, ಮತ್ತೆ ಏಳಲಿಲ್ಲ. ಹದಿಮೂರು ದಿನ ಮುಗಿದ ಮೇಲೆ ಭಾವ ಆ ಬ್ಲೇಡನ್ನು ತಂದು ನನ್ನ ಕೈಗಿಟ್ಟರು. ಬೇರೆಯವರು ಸೀರೆ ಕೊಡುತ್ತಾರೆ, ಫೋಟೋ ಕೊಡುತ್ತಾರೆ. ನನಗೆ ಬಂದದ್ದು ಅದು.

ಅವಳ ಬಗ್ಗೆ ಬರೆಯಲು ಕೂತರೆ ಮೊದಲು ಬರೆಯಬೇಕಾದದ್ದು ನನ್ನ ತಪ್ಪು. ಕೋರ್ಟಿನ ಒಂದು ಲಕೋಟೆ ನನ್ನ ಕೈಗೆ ಬಂದಿತ್ತು. ಬಂದಿಲ್ಲ ಎಂದು ಅವಳಿಗೆ ಹೇಳಿದೆ. ಆ ಲಕೋಟೆಯಿಂದ ನಾವಿಬ್ಬರೂ ಕಟ್ಟಿದ ಕಂಪನಿ ಹೋಯಿತು. ಸುಳ್ಳನ್ನು ವಾಪಸು ತೆಗೆದುಕೊಳ್ಳಲು ನನಗೆ ವರ್ಷಗಟ್ಟಲೆ ಸಮಯವಿತ್ತು. ತೆಗೆದುಕೊಳ್ಳಲಿಲ್ಲ.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್ ನನ್ನ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಮೈಸೂರಿನಲ್ಲಿ ಅಪ್ಪನಿಗೆ ಮರಗೆಲಸದ ಅಂಗಡಿ ಇತ್ತು. ನನಗೆ ಉಳಿ, ಕೀಸುಳಿ ಹತ್ತಿತು. ಅಕ್ಕನಿಗೆ ಓದು ಹತ್ತಿತು. ಅವಳು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ, ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಒಬ್ಬ ಅಕೌಂಟೆಂಟರ ಆಫೀಸಿನಲ್ಲಿ ಗುಮಾಸ್ತೆಯಾದಳು. ನನ್ನನ್ನು ಸ್ಪಾನ್ಸರ್ ಮಾಡಿ ಕರೆಸಿಕೊಂಡವಳೂ ಅವಳೇ. ಬಂದ ಹೊಸದರಲ್ಲಿ ನಾನು ಕ್ರ್ಯಾನ್‌ಬರಿಯ ಗೋದಾಮುಗಳಲ್ಲಿ ಸಾಮಾನು ಇಳಿಸುತ್ತಿದ್ದೆ. ಸಾಮಾನನ್ನು ಹೊತ್ತು ಬರುವ ಮರದ ಪ್ಯಾಲೆಟ್‌ಗಳಲ್ಲಿ ಒಂದು ಹಲಗೆ ಮುರಿದರೂ ಸಾಕು, ಹಿಂದೆ ಎಸೆದು ಬೆಟ್ಟ ಮಾಡುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಒಳ್ಳೆ ಓಕ್ ಮರ. ಇದನ್ನು ಅಕ್ಕನಿಗೆ ಹೇಳಿದೆ. ಆಮೇಲೆ ಒಂದು ಭಾನುವಾರ ಊಟಕ್ಕೆ ಕರೆದು, ಮೂರು ಕುರ್ಚಿ ಹಾಕಿದಳು. ಭಾವ ಊಟ ಮುಗಿಸಿ ಒಳಗೆ ಹೋಗಿದ್ದರು, ಇದ್ದವರು ನಾವಿಬ್ಬರೇ.

"ಇದು ನಾನು, ಅದು ನೀನು. ಈ ಖಾಲಿ ಕುರ್ಚೀಲಿ ಇರೋನು ಕಂಪನಿ" ಎಂದಳು. "ಅವನ ಜೇಬಿಗೆ ನಾವು ಕೈ ಹಾಕಲ್ಲ. ಅವನು ಸಾಲ ಮಾಡ್ಕೊಂಡ್ರೆ ಯಾರೂ ನಮ್ಮ ಜೇಬಿಗೆ ಕೈ ಹಾಕಲ್ಲ. ಎಲ್‌ಎಲ್‌ಸಿ ಅಂದ್ರೆ ಇಷ್ಟೇ. ಮಿಕ್ಕಿದ್ದೆಲ್ಲ ಫಾರ್ಮು."

ಅಂದಿನಿಂದ ಕೊನೆಯವರೆಗೂ ಅವಳು ಕಂಪನಿಯನ್ನು 'ಅವನು' ಎಂದೇ ಕರೆದಳು. ಅವನ ವಿಮೆ, ಅವನ ಬ್ಯಾಂಕು, ಅವನ ಲಾರಿ. ನಮಗೆ ಮೂರನೆಯವನೊಬ್ಬ ಹುಟ್ಟಿದ ಹಾಗೆ. ಬಾಡಿಗೆಯ ಒಂದು ಯಾರ್ಡಿನಲ್ಲಿ ಮುರಿದ ಪ್ಯಾಲೆಟ್‌ಗಳನ್ನು ರಿಪೇರಿ ಮಾಡಿ ಮಾರುವುದು ಅವನ ಕೆಲಸ. ಎರಡು ಭಾನುವಾರ ಕೂರಿಸಿಕೊಂಡು ನಮ್ಮಿಬ್ಬರ ಒಪ್ಪಂದವನ್ನು ಪುಟ ಪುಟವಾಗಿ ಕನ್ನಡದಲ್ಲಿ ಹೇಳಿದಳು. ನ್ಯೂಜೆರ್ಸಿಯಲ್ಲಿ ಬಾಯಿಮಾತಿನ ಒಪ್ಪಂದವೂ ನಡೆಯುತ್ತದಂತೆ; ಆದರೆ ಒಡಹುಟ್ಟಿದವರು ಬಾಯಿಮಾತು ನಂಬಬಾರದು ಎಂದಳು. ಆ ಮಾತು ಆಗಲೇ ನನಗೆ ಚುಚ್ಚಿತು. ಹಳದಿ ಚೀಟಿ ಅಂಟಿಸಿದ ಕಡೆಯೆಲ್ಲ ಸಹಿ ಹಾಕಿದೆ. ಹೂಂಗುಟ್ಟಿದೆನೇ ಹೊರತು, ಅನ್ನ ಸಾರು ಉಂಡ ಹೊಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೇಳಿಸಿಕೊಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳ ಫೋನಿಗೆ ಬಿಡುವಿರುತ್ತಿರಲಿಲ್ಲ. ಕಂಪನಿ ತೆರೆಯಬೇಕು ಎನ್ನುವ ನಮ್ಮವರೆಲ್ಲ ಅವಳನ್ನೇ ಕೇಳುತ್ತಿದ್ದರು. ಯಾರೇ ಆಗಲಿ, ಮೊದಲ ಮಾತು ಒಂದೇ: "ನಾನು ಲಾಯರ್ ಅಲ್ಲ." ಅದನ್ನು ಹೇಳಿ, ಅವರು ಹೂಂ ಎನ್ನುವವರೆಗೆ ಕಾದು, ಆಮೇಲೆ ಅರ್ಧ ಗಂಟೆ ಮಾತಾಡುತ್ತಿದ್ದಳು. ಕೆಟ್ಟ ಕಾರು ಎಳೆಯುವ ಟ್ರಕ್ ಇಟ್ಟಿದ್ದ ಮೈಸೂರಿನ ಸಾಹೇಬರೊಬ್ಬರು ಒಮ್ಮೆ ಮನೆಗೇ ಬಂದರು. "ಆಪಾ, ಎಲ್ಲರೂ ಕಂಪನೀನ ಡೆಲಾವೇರ್ ರಾಜ್ಯದಲ್ಲೇ ರಿಜಿಸ್ಟರ್ ಮಾಡ್ಸು ಅಂತಾರೆ, ಅಲ್ಲಿ ಕಾನೂನು ಭಾಳ ಒಳ್ಳೇದಂತೆ" ಎಂದರು. ಅಕ್ಕ ಚಹಾ ಸೋಸುತ್ತ ಕೇಳಿದಳು: "ನಿಮ್ಮ ಟ್ರಕ್ ಎಲ್ಲಿ ಓಡುತ್ತೆ?" ಎಡಿಸನ್ನು, ಪ್ರಿನ್ಸ್‌ಟನ್ನು, ಎಲ್ಲ ನ್ಯೂಜೆರ್ಸಿಯೊಳಗೇ ಎಂದರು. "ಹಾಗಿದ್ರೆ ಅಲ್ಲೂ ಫೀಸು ಕಟ್ಟಿ, ಇಲ್ಲೂ ಫೀಸು ಕಟ್ಟಿ. ಎರಡು ಮನೆ ನಡೆಸೋ ಆಸೆ ಇದ್ರೆ ನಾನ್ಯಾಕೆ ಬೇಡ ಅನ್ಲಿ?" ಸಾಹೇಬರು ನಕ್ಕು ಚಹಾ ಚೆಲ್ಲಿಕೊಂಡರು. ಟ್ರಕ್ಕಿನ ಕಂಪನಿ ನ್ಯೂಜೆರ್ಸಿಯಲ್ಲೇ ರಿಜಿಸ್ಟರ್ ಆಯಿತು.

ಎಲ್ಲರಿಗೂ ಅಷ್ಟು ಹಗುರಾಗಿ ಕಾಣುತ್ತಿದ್ದವಳು ನನಗೆ ಮಾತ್ರ ಭಾರವಾಗಿ ಕಾಣತೊಡಗಿದಳು. ಕಾರಣ ಒಂದು ಮೇಜು. ಯಾರ್ಡಿನಲ್ಲಿ ಉಳಿದ ಓಕ್ ಹಲಗೆ ತಂದು ಮಗಳಿಗೆ ಓದುವ ಮೇಜು ಮಾಡಿದೆ. ಮೊಳೆ ಕಾಣದ ಹಾಗೆ, ಅಪ್ಪ ಕಲಿಸಿದ ಕಚ್ಚು ಹಾಕಿ. ಅಕ್ಕ ಬಂದು ನೋಡಿದಳು, ಮೂಲೆಗಳನ್ನು ಸವರಿದಳು, ಅಪ್ಪನ ಕೈ ಬಂದಿದೆ ಎಂದಳು. ಮರುದಿನ ನನ್ನ ಹೆಸರಿಗೆ ಒಂದು ಬಿಲ್ಲು ತಂದಳು. ಇಷ್ಟು ಹಲಗೆ, ಇಷ್ಟು ದುಡ್ಡು, ಕಂಪನಿಗೆ ಚೆಕ್ಕು ಬರೆ. ನನ್ನದೇ ಕಂಪನಿ, ಎಸೆಯುವ ಮರ, ನನ್ನ ಮಗಳ ಮೇಜು. ಚೆಕ್ಕು ಬರೆದು ಮೇಜಿನ ಮೇಲೆ ಎಸೆದೆ. "ಕೋಪ ಮಾಡ್ಕೋ. ಆದ್ರೆ ಅವನ ಜೇಬಿಗೆ ಕೈ ಹಾಕ್ಬೇಡ" ಎಂದು ಚೆಕ್ಕನ್ನು ಮಡಿಸಿ ಇಟ್ಟುಕೊಂಡಳು.

ಒಂದು ಸಲ ಸಂಶಯ ಹತ್ತಿದರೆ ನೋಡಿದ್ದೆಲ್ಲ ಅದಕ್ಕೇ ಉರುವಲು. ಕಂಪನಿಯ ಟಪಾಲೆಲ್ಲ ಅವಳ ಮನೆಗೇ ಏಕೆ ಹೋಗುತ್ತದೆ? ಬ್ಯಾಂಕಿನ ಪಾಸ್‌ವರ್ಡು ಅವಳಿಗೆ ಮಾತ್ರ ಏಕೆ ಗೊತ್ತು? ಫೋನು ಬಂದರೆ ಇಂಗ್ಲಿಷಿನಲ್ಲಿ ಮಾತಾಡುತ್ತ ಬಾಲ್ಕನಿಗೆ ಏಕೆ ಹೋಗುತ್ತಾಳೆ? ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನಿನ ಸದ್ದಿರುತ್ತಿತ್ತು, ಅದಕ್ಕೆ ಹೋಗುತ್ತಿದ್ದಳು. ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಬೇರೆ ಕಾರಣ ಹುಡುಕುತ್ತಿದ್ದೆ.

ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿ, ಹಿಲ್‌ಸೈಡ್ ಅವೆನ್ಯೂದಲ್ಲಿ, ಕುಂದಾಪುರದ ಕಡೆಯವರೊಬ್ಬರು ಹೋಟೆಲು ಇಟ್ಟಿದ್ದರು. ಅವರ ಉಗ್ರಾಣಕ್ಕೆ ಮರದ ರ‍್ಯಾಕ್ ಹಾಕಿಕೊಡಲು ಹೋಗಿದ್ದೆ. ಗಲ್ಲಾದ ಹಿಂದೆ ಗೋಡೆಯ ಮೇಲೆ ದೇವರ ಫೋಟೋ ಪಕ್ಕದಲ್ಲಿ ಪತ್ರಿಕೆಯ ತುಂಡೊಂದನ್ನು ಲ್ಯಾಮಿನೇಟ್ ಮಾಡಿ ತೂಗುಹಾಕಿದ್ದರು. ಇರುವೆ ಸಾಲಿನಂಥ ಅಕ್ಷರ. ಏನು ಎಂದು ಕೇಳಿದೆ. ತಮ್ಮ ಕಂಪನಿ ಹುಟ್ಟಿದ ಸುದ್ದಿ ಎಂದರು. ಕೊನೆಯಲ್ಲಿ ವಿಳಾಸದ ಜೊತೆ ಅವರ ಹೆಸರಿತ್ತು, ಬೆರಳಿಟ್ಟು ತೋರಿಸಿದರು.

"ಎಂತ ಮಾರಾಯ, ನಿಮ್ಮದು ಪೇಪರಲ್ಲಿ ಬರ್ಲಿಲ್ವಾ? ಎರಡು ಪೇಪರು, ಆರು ವಾರ ಹಾಕ್ಬೇಕು. ಊರಿಗೆ ಗೊತ್ತಾಗದ ಹಾಗೆ ಕಂಪನಿ ಮಾಡುದುಂಟಾ? ಅಕ್ಕನೇ ಮಾಡಿದ್ದು ಅಲ್ವಾ? ಒಮ್ಮೆ ಕೇಳಿ ನೋಡು."

ಅವರು ಕೆಟ್ಟವರಲ್ಲ. ತಮ್ಮ ರಾಜ್ಯದ ಕಾನೂನನ್ನು ಲೋಕದ ಕಾನೂನು ಎಂದುಕೊಂಡಿದ್ದರು, ಅಷ್ಟೇ. ನ್ಯೂಯಾರ್ಕಿನಲ್ಲಿ ಪತ್ರಿಕೆಯಲ್ಲಿ ಹಾಕಿಸಬೇಕು. ನದಿ ದಾಟಿ ನ್ಯೂಜೆರ್ಸಿಗೆ ಬಂದರೆ ಆ ಕಟ್ಟಳೆಯೇ ಇಲ್ಲ. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅಂದು ಹಿಂತಿರುಗುವಾಗ ಸೇತುವೆಯ ಟ್ರಾಫಿಕ್ಕಿನಲ್ಲಿ ಕೂತು ಯೋಚಿಸಿದ್ದು ಒಂದೇ: ಅಕ್ಕ ಗುಟ್ಟಾಗಿ ಮಾಡಿದ್ದಾಳೆ.

ಕೇಳಿದೆ. ಚಪಾತಿ ಲಟ್ಟಿಸುತ್ತಿದ್ದಳು. ನಮ್ಮ ಕಂಪನಿ ಪೇಪರಿನಲ್ಲಿ ಬಂದಿತ್ತಾ ಎಂದೆ. "ಯಾಕೆ ಬರ್ಬೇಕು? ಸಿನಿಮಾ ಏನೋ ಅದು?" ಎಂದು ನಕ್ಕಳು. ನಾನು ಅಲ್ಲಿಗೇ ಬಿಟ್ಟೆ. ಯಾರು ಹೇಳಿದರು, ಏನು ಹೇಳಿದರು ಎಂದು ಇನ್ನೊಂದು ವಾಕ್ಯ ಆಡಿದ್ದರೆ ಅವಳು ಕೈಯ ಹಿಟ್ಟು ಕೊಡವಿಕೊಂಡು ನದಿಯ ಎರಡೂ ದಡದ ಕಾನೂನು ಹೇಳುತ್ತಿದ್ದಳು. ನನಗೆ ಆ ನಗು ಮಾತ್ರ ಸಾಕಾಯಿತು.

ತೆರಿಗೆ, ನೋಟರಿ, ಪಾಸ್‌ಪೋರ್ಟ್ ಫೋಟೋ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಬರೆಸಿದ್ದ ಒಬ್ಬನ ಅಂಗಡಿಗೆ ಹೋದೆ. ಅವನು ರಾಜ್ಯದ ದಾಖಲೆಯಿಂದ ನಮ್ಮ ಕಂಪನಿಯ ಮೊದಲ ಪತ್ರದ ನಕಲು ತೆಗೆಸಿಕೊಟ್ಟ. ಒಂದೇ ಹಾಳೆ. ಕಂಪನಿಯ ಹೆಸರು, ಕಂಪನಿಯ ಪರವಾಗಿ ಕಾಗದ ತೆಗೆದುಕೊಳ್ಳುವ ಏಜೆಂಟ್ ಎಂದು ಅಕ್ಕನ ಹೆಸರು, ಅವಳ ಮನೆಯ ವಿಳಾಸ, ಕೆಳಗೆ ಅವಳ ಸಹಿ. ನನ್ನ ಹೆಸರು ಎಲ್ಲೂ ಇಲ್ಲ. ಈ ಪತ್ರದಲ್ಲಿ ಮಾಲೀಕರ ಹೆಸರು ಇರಲೇಬೇಕೆಂದಿಲ್ಲ, ಅದು ನಿಮ್ಮ ಒಳಗಿನ ಒಪ್ಪಂದದಲ್ಲಿರುತ್ತದೆ ಎಂದು ಅವನು ಹೇಳಿದ್ದು ನೆನಪಿದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಏಜೆಂಟ್ ಹೆಸರು ಬದಲಿಸಬಹುದೇ ಎಂದೆ. ಪಾಲುದಾರನಾದರೆ ಬದಲಿಸಬಹುದು ಎಂದ. ಅಲ್ಲೇ ಕೂತು ನನ್ನ ಹೆಸರಿಗೆ, ನನ್ನ ಮನೆಯ ವಿಳಾಸಕ್ಕೆ ಮಾಡಿಸಿದೆ. ಇಂಗ್ಲಿಷ್ ಓದಲು ಬಾರದವನು ಕಂಪನಿಯ ಕಾಗದಗಳಿಗೆಲ್ಲ ವಾರಸುದಾರನಾದೆ.

ಕಂಪನಿಯ ವರ್ಷದ ವರದಿಯನ್ನು ರಾಜ್ಯಕ್ಕೆ ಕಳಿಸುವಾಗ ಅಕ್ಕನಿಗೆ ಅದು ಗೊತ್ತಾಯಿತು. ಬೈಯುತ್ತಾಳೆ ಎಂದುಕೊಂಡಿದ್ದೆ. ಯಾರ್ಡಿಗೆ ಬಂದು, ಹಲಗೆಯ ರಾಶಿಯ ಮೇಲೆ ಕೂತು, ಸ್ವಲ್ಪ ಹೊತ್ತು ನಾನು ಮೊಳೆ ಹೊಡೆಯುವುದನ್ನು ನೋಡಿದಳು.

"ನಿನ್ನ ಹೆಸರಿಗೆ ಮಾಡ್ಕೊಂಡಿದ್ದೀಯ. ಸಂತೋಷ. ಒಂದೇ ಮಾತು. ಕಾಗದ ಏನೇ ಬರ್ಲಿ, ಬಂದ ದಿನವೇ ನಂಗೆ ತಂದ್ಕೊಡು. ಒಡೀಬೇಡ ಬೇಕಾದ್ರೆ. ತಂದ್ಕೊಡು."

ಆಗಲಿ ಎಂದೆ. ಕಾಗದ ತನ್ನ ಕೈಗೇ ಬರಬೇಕೆಂದು ಇವಳಿಗೆ ಏಕಿಷ್ಟು ಆತುರ ಎಂದು ಒಳಗೆ ಅಂದುಕೊಂಡೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಮೈಸೂರಿನಲ್ಲಿ ನಾವು ಚಿಕ್ಕವರಿದ್ದಾಗ ಕೋರ್ಟಿನ ಅಮೀನ ನೋಟೀಸು ಹಿಡಿದು ಬರುತ್ತಿದ್ದ. ಅವನ ಸೈಕಲ್ಲು ಬೀದಿಯ ತಿರುವಿನಲ್ಲಿ ಕಂಡರೆ ಅಪ್ಪ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದರು. ಅಪ್ಪ ಮನೇಲಿಲ್ಲ ಎಂದು ಹೇಳುವ ಕೆಲಸ ನನ್ನದು. ಅದಕ್ಕೆ ಕಡಲೆಮಿಠಾಯಿ ಸಿಗುತ್ತಿತ್ತು. ನೋಟೀಸು ಮುಟ್ಟದಿದ್ದರೆ ಕೇಸೇ ಇಲ್ಲ ಎಂಬುದು ಅಪ್ಪನ ನಂಬಿಕೆ. ಅದನ್ನು ನಾನು ಮರಗೆಲಸದ ಜೊತೆಗೇ ಕಲಿತೆ.

ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಿದ್ದೆ. ಬಾಗಿಲು ಬಡಿದ ಸದ್ದಾಯಿತು. ಕೊರಳಿಗೆ ಗುರುತಿನ ಚೀಟಿ ತೂಗಿಕೊಂಡ ಹೆಂಗಸೊಬ್ಬಳು ನಮ್ಮ ಕಂಪನಿಯ ಹೆಸರು ಹೇಳಿ, ಏಜೆಂಟ್ ನೀವೇನಾ ಎಂದಳು. ಕಂಪನಿಯ ಹೆಸರು ಹಿಡಿದು ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು. ಎದೆ ಸ್ವಲ್ಪ ಉಬ್ಬಿತು. ಹೌದು, ನಾನೇ ಎಂದೆ. ದಪ್ಪನೆಯ ಕಂದು ಲಕೋಟೆ ಕೊಟ್ಟು ಹೋದಳು. ಅದರ ಮೇಲೆ ಕಂಪನಿಯ ಹೆಸರಿತ್ತು, ಕೋರ್ಟ್ ಎಂಬ ಪದವಿತ್ತು. ಅಷ್ಟನ್ನು ಓದಬಲ್ಲೆ. ಹಿಂದಿನ ವಾರವಷ್ಟೇ ಅಕ್ಕ ಫೋನಿನಲ್ಲಿ ಲಾಯರ್, ಲಾಯರ್ ಎನ್ನುತ್ತಿದ್ದುದನ್ನು ಕೇಳಿದ್ದೆ. ಅದು ಯಾರ್ಡಿನ ಬಾಡಿಗೆ ಪತ್ರದ ಮಾತು ಎಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ: ಹೆಸರು ಬದಲಿಸಿದ್ದಕ್ಕೆ ನನ್ನನ್ನು ಕಂಪನಿಯಿಂದ ತೆಗೆಯಲು ಅಕ್ಕ ಕೋರ್ಟಿಗೆ ಹೋಗಿದ್ದಾಳೆ. ಒಡೆಯದಿದ್ದರೆ ಮುಟ್ಟಿದ ಹಾಗಲ್ಲ. ನನ್ನ ಹಳೆಯ ಉಪಕರಣಗಳ ಪೆಟ್ಟಿಗೆಯ ತಳದಲ್ಲಿ, ಉಳಿಗಳ ಕೆಳಗೆ ಇಟ್ಟೆ. ಆಮೇಲೆ ಟಪಾಲಿನಲ್ಲಿ ಅಂಥವೇ ಇನ್ನೆರಡು ಬಂದವು. ಅವನ್ನೂ ಅಲ್ಲೇ ಇಟ್ಟೆ. ಆ ತಿಂಗಳುಗಳಲ್ಲಿ ಅಕ್ಕನ ಮನೆಗೆ ಹೋಗಿ ಅವಳು ಬಡಿಸಿದ್ದನ್ನು ಉಣ್ಣುತ್ತ, ಅವಳ ಮುಖದಲ್ಲಿ ಕಪಟ ಹುಡುಕುತ್ತಿದ್ದೆ.

ಸಂಬಳದ ದಿನ ಅಕ್ಕ ಬ್ಯಾಂಕಿನಿಂದ ಫೋನು ಮಾಡಿದಳು. ಕಂಪನಿಯ ಖಾತೆಗೆ ಕೋರ್ಟಿನ ಬೀಗ ಬಿದ್ದಿತ್ತು. ನಾವು ರಿಪೇರಿ ಮಾಡಿ ಮಾರಿದ್ದ ಒಂದು ಪ್ಯಾಲೆಟ್ ಯಾವುದೋ ಗೋದಾಮಿನಲ್ಲಿ ಮುರಿದು, ಹೊರೆ ಕುಸಿದು, ಒಬ್ಬ ಕೆಲಸಗಾರನ ಕಾಲು ಜಜ್ಜಿಹೋಗಿತ್ತು. ಅವನು ಕಂಪನಿಯ ಮೇಲೆ ದಾವೆ ಹೂಡಿದ್ದ. ಮೂವತ್ತೈದು ದಿನದಲ್ಲಿ ಉತ್ತರ ಕೊಡಬೇಕಿತ್ತು. ಯಾರೂ ಕೊಡದ್ದರಿಂದ ತೀರ್ಪು ಅವನ ಕಡೆಗಾಗಿತ್ತು. ಸಮಯಕ್ಕೆ ತಿಳಿಸಿದ್ದರೆ ವಿಮೆಯವರು ನೋಡಿಕೊಳ್ಳುತ್ತಿದ್ದರು. ಇಷ್ಟು ತಡವಾಗಿ ಹೇಳಿದ್ದಕ್ಕೆ ಕೈಯೆತ್ತಿದರು. ಇದೆಲ್ಲವನ್ನೂ ಅಕ್ಕ ಬ್ಯಾಂಕಿನ ಹೊರಗೆ ನಿಂತು ಫೋನಿನಲ್ಲಿ ತುಂಡು ತುಂಡಾಗಿ ಹೇಳಿ, ಕೊನೆಗೆ ಕೇಳಿದಳು:

"ಕಾಗದ ಏನಾದ್ರೂ ಬಂತೇನೋ ನಿನ್ನ ಕೈಗೆ?"

"ಇಲ್ಲ" ಎಂದೆ.

ಲಾಯರ ಆಫೀಸಿಗೆ ಇಬ್ಬರೂ ಹೋದೆವು. ಅವರು ಮೇಜಿನ ಮೇಲೆ ಮೊದಲು ಹರಡಿದ್ದು ನಮ್ಮ ಒಪ್ಪಂದ. ಮೊದಲ ಪುಟದಲ್ಲಿ ಮಾಲೀಕರ ಹೆಸರು ಎರಡು, ಸರಿಸಮ ಪಾಲು. ಮೊದಲನೆಯ ಹೆಸರು ನನ್ನದು. ಪ್ರತಿ ಪುಟದ ಕೆಳಗೂ ನನ್ನ ವಕ್ರ ಸಹಿ. ಇಷ್ಟು ವರ್ಷ ಅದು ಅಕ್ಕನ ಅಡುಗೆಮನೆಯ ಕಪಾಟಿನಲ್ಲಿ, ಕೈ ಚಾಚಿದರೆ ಸಿಗುವ ಕಡೆ ಇತ್ತು.

ಲಾಯರು ಎರಡು ದಾರಿ ಹೇಳಿದರು, ಅಕ್ಕ ಕನ್ನಡದಲ್ಲಿ ಹೇಳಿದಳು. ಒಂದು, ಕಾಗದ ಬಂದೇ ಇಲ್ಲ ಎಂದು ನಾನು ಪ್ರಮಾಣ ಮಾಡಿ ಬರೆದುಕೊಡುವುದು. ಇನ್ನೊಂದು, ಬಂದಿತ್ತು, ಭಾಷೆ ಬಾರದೆ ಒಡೆಯಲಿಲ್ಲ ಎಂದು ಇದ್ದದ್ದನ್ನು ಬರೆದುಕೊಡುವುದು. ನ್ಯಾಯಾಧೀಶರು ಮನಸ್ಸು ಮಾಡಿದರೆ ತೀರ್ಪು ಬದಿಗಿಟ್ಟು ಮತ್ತೆ ಕೇಳುತ್ತಾರೆ. ಆಮೇಲೆ ಅವರು ಇನ್ನೊಂದು ಹಾಳೆ ಓದಿದರು. ಲಕೋಟೆ ಕೊಟ್ಟ ಹೆಂಗಸು ಕೋರ್ಟಿಗೆ ಬರೆದುಕೊಟ್ಟ ಹೇಳಿಕೆ. ಯಾರಿಗೆ ಕೊಟ್ಟಳೆಂದು ಗುರುತು: ಗಂಡಸು, ಐವತ್ತರ ಆಸುಪಾಸು, ಮಧ್ಯಮ ಎತ್ತರ, ಅಂಗಿಯ ತುಂಬ ಮರದ ಹೊಟ್ಟು, ಬಲಗಿವಿಯ ಮೇಲೆ ಚಪ್ಪಟೆ ಪೆನ್ಸಿಲ್ಲು. ಇದನ್ನು ಅಕ್ಕ ಕನ್ನಡಕ್ಕೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಕಿವಿಗೆ ಇಂಗ್ಲಿಷ್ ಗೊತ್ತಲ್ಲ. ಅವಳು ತಿರುಗಿ ನನ್ನ ಬಲಗಿವಿಯನ್ನು ನೋಡಿದಳು. ಅಂದೂ ಯಾರ್ಡಿನಿಂದ ನೇರ ಬಂದಿದ್ದೆ.

ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತೆವು. ಅವಳು ಕೀಲಿ ತಿರುಗಿಸಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

"ಅಪ್ಪ ಹಿತ್ತಲ ಬಾಗಿಲಿಂದ ಹೋಗ್ತಿದ್ರಲ್ಲ, ನೆನಪಿದ್ಯಾ?" ಎಂದಳು. "ನೀನು ಚಿಕ್ಕೋನು. ಅಂಗಡಿ ನಮ್ಮ ಕೈಬಿಟ್ಟು ಹೋಗಿದ್ದು ಯಾಕೆ ಅಂತ ನಿಂಗೆ ಯಾರೂ ಹೇಳಿಲ್ಲ. ಕೇಸಲ್ಲಿ ಅಪ್ಪಂದೇ ನ್ಯಾಯ ಇತ್ತು ಕಣೋ. ಹೇಳೋಕೆ ಅವ್ರು ಕೋರ್ಟಿಗೆ ಹೋಗ್ಲಿಲ್ಲ ಅಷ್ಟೆ."

ನಾನು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಜೇಬಿಗೆ ಹಾಕಿದೆ.

"ಬಂದಿಲ್ಲ ಅಂತ ನಂಗೆ ಹೇಳಿದ್ದೀಯ. ಹೇಳು, ಪರವಾಗಿಲ್ಲ. ಜಡ್ಜಿಗೆ ಹೇಳ್ಬೇಡ. ಅದಕ್ಕೆ ನಾನು ಬಿಡಲ್ಲ. ಎರಡನೇ ದಾರಿ ಇನ್ನೂ ಇದೆ."

ಅವಳು ಕಾದಳು. ಎದುರಿನ ಸಾಲಿನ ಕಾರುಗಳು ಒಂದೊಂದಾಗಿ ಹೊರಟವು. ಹೇಳಲು ನನಗೆ ಬೇಕಾಗಿದ್ದದ್ದು ಒಂದು ವಾಕ್ಯ. ಆದರೆ ಬಂದಿತ್ತು ಎಂದರೆ, ಏಕೆ ಬಚ್ಚಿಟ್ಟೆ ಎಂದು ಕೇಳುತ್ತಾಳೆ. ನೀನು ನನಗೆ ಮೋಸ ಮಾಡುತ್ತಿದ್ದೀಯ ಅಂದುಕೊಂಡಿದ್ದೆ ಎಂದು ಅವಳ ಮುಖ ನೋಡಿಕೊಂಡು ಹೇಳಬೇಕಾಗುತ್ತದೆ. ಕಂಪನಿ ಹೋಗುವುದು ಅದಕ್ಕಿಂತ ಸುಲಭವಾಗಿ ಕಂಡಿತು. ಕೊನೆಗೆ ಅವಳು ಕೀಲಿ ತಿರುಗಿಸಿದಳು.

ಎರಡರಲ್ಲಿ ಯಾವುದನ್ನೂ ನಾನು ಬರೆದುಕೊಡಲಿಲ್ಲ, ತೀರ್ಪು ಹಾಗೇ ನಿಂತಿತು. ಫೋರ್ಕ್‌ಲಿಫ್ಟು, ಮೊಳೆ ಹೊಡೆಯುವ ಯಂತ್ರ, ಲಾರಿ ಎಲ್ಲ ಮಾರಾಟವಾಗಿ ಗಾಯಗೊಂಡವನಿಗೆ ಹೋಯಿತು. ಅವನಿಗೆ ಅಷ್ಟು ಸಾಲಲಿಲ್ಲ. ಅವನ ಲಾಯರು ನಮ್ಮ ಮನೆಗಳ ಮೇಲೆ ಕಣ್ಣಿಟ್ಟರು. ಮಾಲೀಕರು ಕಂಪನಿಯ ಸೊತ್ತನ್ನು ಸ್ವಂತದ ಹಾಗೆ ಬಳಸಿದ್ದರೆ ಕಂಪನಿಗೂ ಅವರಿಗೂ ನಡುವಿನ ಕಾನೂನಿನ ಗೋಡೆ ಬಿದ್ದುಹೋಗುತ್ತದೆ ಎಂದು ಪೆಟ್ಟಿಗೆಗಟ್ಟಲೆ ಕಾಗದ ತರಿಸಿಕೊಂಡರು. ಅವರು ಸುಮ್ಮನೆ ಬಂದವರಲ್ಲ. ಮಗಳ ಮೇಜಿನ ಫೋಟೋ ನಾನೇ ಹೆಮ್ಮೆಯಿಂದ ಫೇಸ್‌ಬುಕ್ಕಿಗೆ ಹಾಕಿದ್ದೆ, ನಮ್ಮ ಯಾರ್ಡಿನ ಓಕ್ ಎಂದು. ಅದನ್ನು ಮುಂದಿಟ್ಟು ಈ ಮರ ಯಾರದು ಎಂದು ಕೇಳಿದರು. ಅಕ್ಕ ಫೈಲು ತಿರುವಿ ಬಿಲ್ಲು ತೋರಿಸಿದಳು, ಹಿಂದೆಯೇ ನನ್ನ ಚೆಕ್ಕಿನ ನಕಲು. ಅವರು ಇನ್ನೂ ಬಹಳ ಹುಡುಕಿದರು. ಅಂಥದ್ದು ಒಂದೂ ಸಿಗಲಿಲ್ಲ. ನನ್ನ ಮನೆ ಉಳಿಯಿತು.

ಅಂದು ಆ ಲಾಯರ ಆಫೀಸಿನಿಂದ ಹೊರಗೆ ಬಂದಾಗ ನನಗೆ ಕಾಲು ಹಗುರಾಗಿತ್ತು. ಅಕ್ಕನಿಗೆ ಆಗಿರಲಿಲ್ಲ. "ನಾವು ಉಳ್ಕೊಂಡ್ವಿ. ಅವನಿದ್ದಿದ್ದೇ ಅದಕ್ಕೆ, ನಮ್ಮ ಬದಲು ಸಾಯೋಕೆ" ಎಂದಳು. ಅವನು ಎಂದರೆ ಕಂಪನಿ. "ಆ ಕಾಲು ಹೋದೋನಿಗೆ ವಿಮೆ ದುಡ್ಡು ಬರ್ಬೇಕಿತ್ತು. ನಮ್ಮ ಕೈಯಿಂದ್ಲೇ ತಪ್ಪೋಯ್ತು." ನಮ್ಮ ಕೈ ಎಂದಳು. ನಿನ್ನ ಕೈ ಎನ್ನಲಿಲ್ಲ. ಆ ಪ್ಯಾಲೆಟ್ಟಿಗೆ ಮೊಳೆ ಹೊಡೆದವನೂ ನಾನೇ ಇರಬಹುದು.

ಆಮೇಲೆ ನಾನು ಮತ್ತೆ ಗೋದಾಮಿಗೆ ಹೋದೆ. ಅಕ್ಕ ಆಫೀಸಿಗೆ ಹೋದಳು, ಶನಿವಾರದ ಫೋನುಗಳಿಗೆ ನಾನು ಲಾಯರ್ ಅಲ್ಲ ಎಂದಳು, ಹಬ್ಬಕ್ಕೆ ಕರೆದಳು, ಬಡಿಸಿದಳು. ಆ ವಿಷಯ ಎತ್ತಲಿಲ್ಲ. ಎತ್ತದಿರುವುದನ್ನೂ ನಾನು ನಂಬಲಿಲ್ಲ. ಭಾವನಿಗೆ ಹೇಳಿರುತ್ತಾಳೆ, ನನ್ನ ಹೆಂಡತಿಗೆ ಹೇಳಿರುತ್ತಾಳೆ, ಇಂದು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಎಂದು ಅವಳ ಪ್ರತಿ ಮಾತನ್ನೂ ತಿರುಗಿಸಿ ನೋಡುತ್ತಿದ್ದೆ. ಅವಳು ಯಾರಿಗೂ ಹೇಳಿರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಆಗಿತ್ತು. ನಾನು ಅಡುಗೆಮನೆಯಲ್ಲಿರುವಾಗ ಟಪಾಲು ಬಂದರೆ ಅವಳು ಬ್ಲೇಡು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಲಕೋಟೆಗಳನ್ನು ಕಿಟಕಿ ಕಟ್ಟೆಯ ಮೇಲೆ ಮಗುಚಿ ಇಟ್ಟು, ನಾನು ಹೊರಡುವವರೆಗೆ ಕಾಯುತ್ತಿದ್ದಳು.

ಬ್ಲೇಡು ಮನೆಗೆ ತಂದ ಮರುದಿನ ಉಪಕರಣಗಳ ಪೆಟ್ಟಿಗೆ ತೆಗೆದೆ. ಉಳಿಗಳ ಕೆಳಗೆ ಮೂರೂ ಲಕೋಟೆ ಹಾಗೇ ಇದ್ದವು. ಅವಳು ಮಾಡುತ್ತಿದ್ದ ಹಾಗೆ, ಮೊದಲು ಬಂದ ಕಂದು ಲಕೋಟೆಯ ನೆತ್ತಿಗೆ ಬ್ಲೇಡು ಇಟ್ಟು ಸೀಳಿದೆ. ನನಗೆ ಒಂದೇ ಎಳೆತಕ್ಕೆ ಬರಲಿಲ್ಲ. ನಿಂತೇ, ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದೆ. ಮೊದಲ ಹಾಳೆಗೆ ಅರ್ಧ ದಿನ ಹಿಡಿಯಿತು. ಮೂವತ್ತೈದು ದಿನ ಎಂದು ಅಲ್ಲೇ ಇತ್ತು. ಲಾಯರಿಗೆ ಕೊಡಲು ದುಡ್ಡಿಲ್ಲದವರು ಯಾರನ್ನು ಕೇಳಬೇಕು ಎಂಬುದೂ ಇತ್ತು. ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಬಂದ ದಿನ ನನಗೆ ಮರೆತಿರಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಕೆಳಮೂಲೆಯಲ್ಲಿ ಬರೆದೆ. ಅದರ ಮುಂದೆ 'ನನ್ನ ಕೈಗೆ' ಎಂದು ಬರೆದೆ.

ಕಂಪನಿಯ ಫೈಲು ಭಾವನ ಮನೆಯಲ್ಲೇ ಇದೆ. ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಇದನ್ನು ಅದಕ್ಕೆ ಸೇರಿಸಬೇಕು ಎಂದೆ. ಭಾವ ಮೊದಲಿನಿಂದಲೂ ಕಾಗದಗಳ ತಂಟೆಗೆ ಹೋಗದವರು. ಆದರೂ ಕನ್ನಡಕ ಹುಡುಕಿ ಹಾಕಿಕೊಂಡು ಲಕೋಟೆಯ ಮೂಲೆಯನ್ನು ಬಹಳ ಹೊತ್ತು ನೋಡಿದರು.

"ಪೆನ್ಸಿಲ್ಲಲ್ಲಿ ಬರ್ದಿದ್ದೀಯಲ್ಲಪ್ಪ, ಅಳಿಸಿಹೋಗುತ್ತೆ" ಎಂದು ಎದ್ದು ಹೋಗಿ, ಕಿಟಕಿ ಕಟ್ಟೆಯ ಮೇಲಿದ್ದ ಅಕ್ಕನ ನೀಲಿ ಪೆನ್ನು ತಂದು ಕೊಟ್ಟರು.

ಪೆನ್ಸಿಲ್ಲಿನ ಗೆರೆಯ ಮೇಲೆಯೇ ಮತ್ತೆ ಬರೆದೆ.